ಹನ್ನೆರಡೂವರೆ ನಂಬರಿನ ಎಣ್ಣೆ

ಗಣಿತದ ಮೇಷ್ಟ್ರು ರಿಟೈರಾಗಿ ಆರು ವರ್ಷವಾಗಿದ್ದರೂ ಅಂಕಿ ಕಂಡರೆ ಸುಮ್ಮನಿರುವ ಜಾಯಮಾನ ಅವರದಲ್ಲ. ಬೆಟ್ಟದ ಮೇಲಿನ ಊರಿನಲ್ಲಿದ್ದ ತುಂಬು ಗರ್ಭಿಣಿ ಮಗಳು "ಹೆರಿಗೆಗೆ ಮುಂಚೆ ಬಾಪ್ಪ" ಎಂದು ಫೋನು ಮಾಡಿದ್ದಳು. ಇಲ್ಲಿ ಹಗಲು ಮೂವತ್ತೈದು ಡಿಗ್ರಿ ಬಿಸಿಲು, ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಹಳೇ ಕಾರಿನ ಎಂಜಿನ್ ಎಣ್ಣೆ ಎರಡನ್ನೂ ತಡೆದೀತೇ ಎಂಬ ಹುಳ ಅವರ ತಲೆ ಹೊಕ್ಕಿತು.

ಕಾರಿಗೆ ಹಾಕುತ್ತಿದ್ದ ಎಣ್ಣೆಯ ಡಬ್ಬಿ ತೆಗೆದು ನೋಡಿದರು. 5W-30 ಎಂದಿತ್ತು. ಐದರಿಂದ ಮೂವತ್ತು ಡಿಗ್ರಿವರೆಗೆ ಎಂದುಕೊಂಡರು. ಹಾಗಾದರೆ ಇಲ್ಲಿ ಸುಡುತ್ತದೆ, ಅಲ್ಲಿ ಗಟ್ಟಿಯಾಗುತ್ತದೆ! ಅಂಗಡಿಯಲ್ಲಿ 20W-50 ಸಿಕ್ಕಿತು. ಐವತ್ತೇನೋ ಸರಿ, ಇಪ್ಪತ್ತು ಯಾಕೆ? ಎರಡು ದಿನ ಕಾಗದದ ಮೇಲೆ ಗುದ್ದಾಡಿ, ಅಳೆದೂ ಸುರಿದೂ, ಕೊನೆಗೆ ಇದ್ದ ಎಣ್ಣೆ ಇಳಿಸಿ ಎರಡನ್ನೂ ಸಮಸಮ ಬೆರೆಸಿ ಹುಯ್ದರು. ಸರಾಸರಿ ಹನ್ನೆರಡೂವರೆ-ನಲವತ್ತು. ಲೆಕ್ಕ ಸರಿಯಿತ್ತು, ಮನಸ್ಸಿಗೆ ಮಾತ್ರ ಸಮಾಧಾನವಿರಲಿಲ್ಲ.

"ನಿಮ್ಮ ಲೆಕ್ಕ ಮುಗಿಯೋ ಹೊತ್ತಿಗೆ ಮಗೂಗೆ ಹಲ್ಲು ಬಂದಿರತ್ತೆ ಕಣ್ರೀ" ಎಂದು ಹೆಂಡತಿ ಬ್ಯಾಗೆತ್ತಿಕೊಂಡು ಬಸ್ಸು ಹತ್ತಿದರು.

ಮಾರನೇ ದಿನ ಮೇಷ್ಟ್ರು ಗ್ಯಾರೇಜಿಗೆ ಹೋದರು. ಅವರ ಹಳೇ ಶಿಷ್ಯನೇ ಆದ ಮೆಕ್ಯಾನಿಕ್ ಲೆಕ್ಕವನ್ನೆಲ್ಲ ಕೇಳಿ ಹಣೆ ಚಚ್ಚಿಕೊಂಡ. "ಅದು ಡಿಗ್ರಿ ಅಲ್ಲ ಸಾರ್! W ಅಂದ್ರೆ ಚಳಿಗಾಲ. ಅದಕ್ಕಿಂತ ಮುಂಚೆ ಇರೋ ನಂಬರು ಕಮ್ಮಿ ಇದ್ದಷ್ಟೂ ಚಳೀಲಿ ಎಣ್ಣೆ ಸಲೀಸಾಗಿ ಹರಿಯತ್ತೆ. ಕೊನೇ ನಂಬರು, ಎಂಜಿನ್ ಕಾದ ಮೇಲೆ ಎಷ್ಟು ಮಂದ ಇರತ್ತೆ ಅಂತ."

"ಕಾದ್ರೆ ಎಣ್ಣೆ ತೆಳ್ಳಗಾಗ್ಬೇಕಲ್ಲಪ್ಪ? ಐದು ಇದ್ದಿದ್ದು ಮೂವತ್ತು ಹೇಗಾಯ್ತು?"

"ಎರಡೂ ಬೇರೆ ಬೇರೆ ಅಳತೆ ಸಾರ್. ಎತ್ತರಕ್ಕೆ ತೂಕ ಕೂಡಿಸಿ ಸರಾಸರಿ ತೆಗೀತೀರಾ?"

ಮೇಷ್ಟ್ರು ತಲೆಯಾಡಿಸಿದರು. ಏನೂ ಅರ್ಥವಾಗಿರಲಿಲ್ಲ. ಮೆಕ್ಯಾನಿಕ್ ಕಾರಿನ ಪುಸ್ತಕ ತಿರುವಿ ತೋರಿಸಿದ. "ನೀವು ಇಳಿಸಿದ್ದೇ ಸರಿಯಾದ ಎಣ್ಣೆ. ಇಲ್ಲಿಗೂ ಅಲ್ಲಿಗೂ ಅದೇ ಸಾಕಿತ್ತು."

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಬೆಳಗಿನ ಜಾವ ಹೆಣ್ಣು ಮಗು ಹುಟ್ಟಿತ್ತು. ಸಂತೋಷಕ್ಕಿಂತ ಮೊದಲು ಅವರಿಗೆ ನಾಚಿಕೆಯಾಯಿತು. ಮಗಳು ಫೋನು ತೆಗೆದುಕೊಂಡಳು. "ಯಾಕಪ್ಪ ಬರ್ಲಿಲ್ಲ?"

ಎಣ್ಣೆಯ ಕಥೆ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡರು. "ನಂಗೆ ಘಾಟಿ ತಿರುವಲ್ಲಿ ಕಾರು ಓಡ್ಸೋಕೆ ಭಯ ಮಗಳೇ. ಮೊದಲಿಂದಾನೂ."

"ಗೊತ್ತಪ್ಪ" ಎಂದಳು ಮಗಳು. "ಅದಕ್ಕೇ ಕಾರಲ್ಲಿ ಬಾ ಅನ್ಲಿಲ್ಲ. ಬಾ ಅಂದೆ, ಅಷ್ಟೇ."