ಹೇಳಿಕೊಡದ ಉತ್ತರ

ತೊಗರಿ ರಾಶಿ ಮುಗಿಯಿತೆಂದರೆ ಗೋರ್ಟಾದ ಆ ಓಣಿಗೆ ಉಜ್ವಲಾ ಮೇಡಂ ಬರುತ್ತಿದ್ದರು. ಹುಮನಾಬಾದಿನಿಂದ ಬಸ್ಸಿಗೆ ಬಂದು, ಪ್ರತಿ ವರ್ಷ ಅದೇ ಮಕ್ಕಳನ್ನು ಕಂಡು, ಆಡಿಸಿ, ಮಾತಾಡಿಸಿ, ಬರೆದುಕೊಂಡು ಹೋಗುವರು. ಹುಟ್ಟಿದ ಕೂಸು ದೊಡ್ಡದಾಗುವ ತನಕ ಹೇಗೆ ಬೆಳೆಯುತ್ತದೆಂದು ತಿಳಿಯುವ ಸಂಶೋಧನೆ ಅದು. ಓಣಿಯ ಮಂದಿಗೆ ಮಾತ್ರ ಅದು ಪರೀಕ್ಷೆಯೇ.

ಸರಿತಾಳಿಗೂ ಹಾಗೆಯೇ ಅನಿಸಿತ್ತು. ಏಳನೆಯ ತರಗತಿಯಲ್ಲಿ ಶಾಲೆ ತಪಾಸಣೆಗೆ ಬಂದ ಸಾಹೇಬರು ಪ್ರಶ್ನೆ ಕೇಳಿದಾಗ ಬಾಯಿ ಕಟ್ಟಿ ನಿಂತವಳು, ಮರುದಿನದಿಂದ ಶಾಲೆಯ ಕಡೆ ಸುಳಿದಿರಲಿಲ್ಲ. ಈಗ ಅಣ್ಣ ಸಂಘರತ್ನನ ಮಗಳು ಪೂನಮಳಿಗೆ ಆರು ತುಂಬಿತ್ತು. ಹೊರಗಿನವರು ಬಂದರೆ ಗೋಡೆಗೆ ಮುಖ ಮಾಡುವ ಹುಡುಗಿ.

"ಇದೂ ಅತ್ತಿಯಂಗ ಮೂಕಿನೇ ಆಗ್ತದ," ಎಂದು ಸರಿತಾಳ ಅವ್ವ ಕಮಳಾಬಾಯಿ ಆಗಾಗ ಅನ್ನುತ್ತಿದ್ದಳು. ಆ ಮಾತು ಮೇಡಂ ಕಾಗದದಲ್ಲೂ ಕೂತುಬಿಟ್ಟರೆ?

ಹೋದ ವರ್ಷ ಪಕ್ಕದ ಮನೆಯ ಅಸ್ಗರಿಯ ಮಗಳು ಅರ್ಷಿಯಾಗೆ ಆರಾಗಿದ್ದಾಗ ಮೇಡಂ ಕೇಳಿದ್ದನ್ನೆಲ್ಲ ಸರಿತಾ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಈ ವರ್ಷ ರೊಟ್ಟಿ ಬಡಿಯುತ್ತ ಅವುಗಳ ಉತ್ತರಗಳನ್ನು ಅದೇ ಸಾಲಿನಲ್ಲಿ ಪೂನಮಳಿಗೆ ಬಾಯಿಪಾಠ ಮಾಡಿಸಿದಳು.

ಮೇಡಂ ಚಾಪೆಯ ಮೇಲೆ ಕೂತು ಮೊದಲ ಚಿತ್ರ ಇಟ್ಟರು. "ಜೋರು ಮಳಿ ಬರಾಕತ್ತದ. ಈ ಹುಡುಗಿ ಏನ್ ಮಾಡಬೇಕು?"

"ಅವ್ವಗ ನಿಜಾ ಹೇಳಬೇಕು," ಎಂದಳು ಪೂನಮ, ಗೋಡೆ ನೋಡುತ್ತಲೇ.

ಮೇಡಂ ಎರಡನೆಯ ಚಿತ್ರ ಇಟ್ಟರು. "ಇಕಿ ಕೈಯಾಗಿನ ಗಡಿಗಿ ಒಡೀತು. ಈಗ?"

"ಛತ್ರಿ ತಗೋಬೇಕು."

ಬಾಗಿಲಲ್ಲಿದ್ದ ಅರ್ಷಿಯಾ ಕಿಸಕ್ಕನೆ ನಕ್ಕಳು. "ಮೊದಲ ಗಡಿಗಿ ಒಡೀತದ, ಆಮ್ಯಾಲ ಮಳಿ ಬರ್ತದ! ಮೇಡಂ ಉಲ್ಟಾ ಕೇಳಾಕತ್ತಾರ!"

ಮೇಡಂ ನಗು ತಡೆಯಲಾರದೆ ಚಿತ್ರಗಳನ್ನು ಮಗುಚಿಟ್ಟರು. "ಯಾರ್ ಕಲಿಸಿದ್ರಿ ಇದನ್ನ?"

ಸರಿತಾ ಬಂದು ಪೂನಮಳ ಪಕ್ಕ ಕೂತಳು. "ನಾನ್ರಿ… ಸುಮ್ಮನ ಕುಂತ್ರ ದಡ್ಡಿ ಅಂತ ಬರೀತೀರಿ ಅಂತ."

"ದಡ್ಡಿ ಅಂತ ಬರಿಯೋ ಜಾಗಾನೇ ಇಲ್ಲವ್ವಾ ಇದರಾಗ," ಎಂದರು ಮೇಡಂ. "ಅರ್ಷಿಯಾನ ಜೋಡಿ ಇಕಿನ್ನ ತೂಗಂಗಿಲ್ಲ ನಾನು. ಹ್ವಾದ ಸಲದ ಪೂನಮನ ಜೋಡಿ ಈ ಸಲದ ಪೂನಮನ್ನ ನೋಡ್ತೀನಿ. ನೀ ಕಲಿಸಿದ್ರ ನೀ ಕಾಣ್ತಿ, ಇಕಿ ಕಾಣಂಗಿಲ್ಲ. ಇಕಿಗಿ ಬರದಿದ್ದದ್ದೂ ನನಗ ಬೇಕು."

ಆ ಚಿತ್ರಗಳು ಈ ವರ್ಷ ಲೆಕ್ಕಕ್ಕಿಲ್ಲವೆಂದು ಬರೆದು, ಅವರು ಚೀಲದಿಂದ ಒಂದು ಕಟ್ಟಿಗೆಯ ಪೆಟ್ಟಿಗೆ ತೆಗೆದರು. ಒಳಗೇನೋ ಗಲಗಲ ಅನ್ನುತ್ತಿತ್ತು. ಅದನ್ನು ಪೂನಮಳ ಮುಂದಿಟ್ಟು, ತಮ್ಮ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತರು.

ಪೂನಮ ಅಲುಗಾಡಿಸಿದಳು, ಹಲ್ಲಿನಿಂದ ಎಳೆದಳು. ಚಿಲಕ ಇದ್ದದ್ದು ತಳದಲ್ಲಿ. ಸರಿತಾಳಿಗೆ ಅದು ಕಂಡಿತ್ತು; ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮೇಡಂ ಮುಖ ನೋಡಿದಳು. ಅವರಿಗಂತೂ ಗೊತ್ತೇ ಇತ್ತು, ಆದರೂ ಹುಬ್ಬು ಕೂಡ ಅಲುಗಿಸಿರಲಿಲ್ಲ. ಗೊತ್ತಿದ್ದೂ ಹೀಗೆ ಕಾಯುವವರನ್ನು ಅವಳು ಎಂದೂ ಕಂಡಿರಲಿಲ್ಲ. ಶಾಲೆಗೆ ಬಂದಿದ್ದ ಆ ಸಾಹೇಬರು ಒಂದು ಉಸಿರಿನಷ್ಟೂ ಕಾದಿರಲಿಲ್ಲ. ಅವಳೂ ಮೆಲ್ಲಗೆ ಕೈಗಳನ್ನು ತೊಡೆಯ ಕೆಳಗೆ ಸೇರಿಸಿದಳು.

ಚಹಾ ತಂದ ಕಮಳಾಬಾಯಿಗೆ ತಡೆಯಲಾಗಲಿಲ್ಲ. "ಏ ಹುಚ್ಚಿ, ಅದರ ಬುಡ—"

"ಅವ್ವಾ, ಸುಮ್ಮನ ಕೂಡು!"

ಸರಿತಾಳದು ಓಣಿಗೆಲ್ಲ ಕೇಳಿಸುವಂಥ ದನಿ. "ಯಾ ಅಲ್ಲಾ, ಸರಿತಾನ ದನಿ ಏನು ಅದು?" ಎಂದಳು ಅಸ್ಗರಿ ಹೊರಗಿನಿಂದ. ಕಮಳಾಬಾಯಿ ಚಹಾದ ಬಸಿ ಹಿಡಿದುಕೊಂಡೇ ಕೂತುಬಿಟ್ಟಳು.

ಪೂನಮ ಅತ್ತೆಯನ್ನು ಬೆರಗಿನಿಂದ ನೋಡಿದಳು. ಆಮೇಲೆ ಪೆಟ್ಟಿಗೆಯನ್ನು ಮಡಿಲಿಗೆಳೆದುಕೊಂಡು, ನೇರ ಮೇಡಂ ಕಡೆಗೇ ತಿರುಗಿದಳು.

"ಇದು ನನಗ ಬರವಲ್ದು. ಆದ್ರ ನೀವು ಹೇಳಬ್ಯಾಡ್ರಿ. ನಾನೇ ನೋಡ್ತೀನಿ."

"ಹ್ವಾದ ಸಲ ನನ್ನ ಮಾರಿನೂ ನೋಡಿದ್ದಿಲ್ಲ ಇಕಿ," ಎಂದು ಮೇಡಂ ಸರಿತಾಳಿಗಷ್ಟೇ ಕೇಳುವಂತೆ ಹೇಳಿ ಪೆನ್ನು ತೆಗೆದರು.

ಬಸ್ಸಿನ ಹೊತ್ತು ಮೀರುತ್ತಿತ್ತು. ಮೇಡಂ ಏಳಲಿಲ್ಲ. ಪೂನಮ ಪೆಟ್ಟಿಗೆಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದಳು. ಸರಿತಾ ಕೈಗಳನ್ನು ಇನ್ನೂ ಒತ್ತಿ ಹಿಡಿದು, ಆ ಪುಟ್ಟ ಬೆರಳುಗಳನ್ನೇ ನೋಡುತ್ತ ಕೂತಳು.