ಇಂಗ್ಲಿಷ್ ಕಲಿತವರು ಕೊಟ್ಟ ಸೊಲ್ಲು

ಶನಿವಾರ ಸಂಜೆ ದೇವರ ಗೂಡಿಗೆ ದೀಪ ಹಚ್ಚಿ ಹಣೆಗೆ ವಿಭೂತಿ ಇಟ್ಟುಕೊಳ್ಳುತ್ತಿದ್ದಾಗ ಫೋನು ಬಂತು. ಗುರುತಿಲ್ಲದ ಗಂಡಸಿನ ದನಿ.

"ಪುಷ್ಪ ಮೇಡಂ ಮನೆಯವ್ರಾ ಸಾ? ಕೊಳ್ಳೇಗಾಲದ ಆಸ್ಪತ್ರೆಗೆ ಬಂದ್ಬುಡಿ."

ಏನಾಯಿತಪ್ಪಾ ಎಂದು ಕೇಳಿದೆ.

"ಬನ್ನಿ ಸಾ. ಬಂದ್ಮೇಲೆ ಯೋಳ್ತಾರೆ" ಎಂದು ಇಟ್ಟುಬಿಟ್ಟ. ಬದುಕಿರುವವರ ಸುದ್ದಿಯನ್ನು ಯಾರೂ ಅಷ್ಟು ಮೆತ್ತಗೆ ಹೇಳುವುದಿಲ್ಲ. ನನಗೆ ಅಲ್ಲಿಯೇ ತಿಳಿದುಹೋಯಿತು.

ಪುಷ್ಪ ನನ್ನ ಒಬ್ಬಳೇ ಮಗಳು. ರಾಮಾಪುರದ ಕಡೆಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಮದುವೆ ಬೇಡವೆಂದು ಹನೂರಿನಲ್ಲಿ ನನ್ನ ಜೊತೆಗೇ ಇದ್ದಳು. ಅಂದು ಯಳಂದೂರಿನಲ್ಲಿ ಮೇಷ್ಟರುಗಳ ತರಬೇತಿ ಮುಗಿಸಿಕೊಂಡು ಸ್ಕೂಟರಿನಲ್ಲಿ ಹಿಂದಿರುಗುತ್ತಿದ್ದಳು. ಕೊಳ್ಳೇಗಾಲ ದಾಟಿದ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ರಸ್ತೆಯ ಬದಿಯಲ್ಲಿ ನಿಂತಿತ್ತು. ಅದರ ಹಿಂದೆ ದೀಪವಿರಲಿಲ್ಲ. ಕತ್ತಲೆ ಆಗತಾನೆ ಕವಿಯುತ್ತಿತ್ತು. ಇಷ್ಟೇ ನನಗೆ ಗೊತ್ತಿರುವುದು. ನೋವು ತಿಳಿದಿರಲಾರದು ಎಂದು ಡಾಕ್ಟರು ಹೇಳಿದರು. ನಂಬುವುದಲ್ಲದೆ ಬೇರೆ ದಾರಿ ಇರಲಿಲ್ಲ.

ನಮ್ಮದು ಮಲೆಯ ದೇವರು ಮಾದಪ್ಪನ ಪದ ಹಾಡುವ ಮನೆತನ. ನಾನು ಕನ್ನಡ ಮೇಷ್ಟರಾಗಿ ಹೊಟ್ಟೆ ಹೊರೆದರೂ ಕಂಸಾಳೆಯನ್ನು ಬಿಟ್ಟವನಲ್ಲ. ನಮ್ಮಲ್ಲಿ ಯಾರೇ ಸತ್ತರೂ ಮನೆಯ ಬಾಗಿಲಿನಿಂದ ಮಣ್ಣಿನವರೆಗೆ ಪದ ಹಾಡುತ್ತಾ ಕಳಿಸಿಕೊಡುವುದು ಪದ್ಧತಿ. ಆ ಪದದಲ್ಲಿ ಮಾದಪ್ಪ ಮಲೆಯಿಂದ ಮಲೆಗೆ ಇಳಿದು ಬರುತ್ತಾನೆ. ಕೊನೆಯ ಸಾಲಿನಲ್ಲಿ ಹೆಣದ ತಲೆಯ ಬಳಿ ಬಂದು ನಿಲ್ಲುತ್ತಾನೆ. ನನ್ನ ತಂದೆಯೂ ನನ್ನ ಹೆಂಡತಿಯೂ ಹಾಗೆಯೇ ಹೋದರು. ಆದರೆ ಈ ಪದವನ್ನು ಒಬ್ಬನೇ ಹಾಡುವಂತಿಲ್ಲ. ಮುಂದಿನವನು ಹಾಡಿದ ಸಾಲಿನ ಬಾಲವನ್ನು ಹಿಂದಿನವರು ಎತ್ತಿಕೊಂಡು ತಿರುಗಿ ಹಾಡಬೇಕು. ಅದಕ್ಕೆ ಸೊಲ್ಲು ಕೊಡುವುದು ಎನ್ನುತ್ತಾರೆ. ಸೊಲ್ಲು ಕಿವಿಗೆ ಬೀಳದೆ ಮುಂದಿನ ಸಾಲನ್ನು ಎತ್ತಬಾರದು.

ಭಾನುವಾರ ಮಧ್ಯಾಹ್ನ ಕೊಯ್ದು ಹೊಲಿದ ನನ್ನ ಮಗಳನ್ನು ಮನೆಯ ಮುಂದೆ ತಂದು ಮಲಗಿಸಿದರು. ಸೊಲ್ಲು ಕೊಡಲು ನನ್ನ ಮೇಳದಲ್ಲಿ ಉಳಿದಿದ್ದವನು ರುದ್ರಸ್ವಾಮಿಯೊಬ್ಬ. ಲಕ್ವ ಹೊಡೆದ ಮೇಲೆ ಅವನ ಗಂಟಲಿನಲ್ಲಿ ಗಾಳಿಯಷ್ಟೇ ಹೊರಡುತ್ತದೆ. ಹುಡುಗರಿಗೆ ಸಾಲಿನ ಬಾಲ ಹಿಡಿದು ಹಾಡುವ ರೂಢಿಯಿಲ್ಲ. ಕಂಸಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಚಟ್ಟದ ಪಕ್ಕದಲ್ಲಿ ಕುಳಿತೆ. ಪದವಿಲ್ಲದೆ, ಕಸ ಹೊತ್ತು ಹಾಕಿದ ಹಾಗೆ, ಈ ಮಗುವನ್ನು ಕಳಿಸಬೇಕಾಯಿತಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಆಗ ಪುಷ್ಪನ ಹೆಂಗಸರು ಬಂದರು. ಭಾನುವಾರ ಅವರ ಪಾಠದ ದಿನ. ಅಂಗನವಾಡಿಯಲ್ಲಿ ಅಡುಗೆ ಮಾಡುವ ಪುಟ್ಟಬಸಮ್ಮ, ಪೋಡು ಎನ್ನುವ ಬೆಟ್ಟದ ಹಾಡಿಯಿಂದ ಜೇನು ತಂದು ಮಾರುವ ಸೋಲಿಗರ ಮಾದಿ, ಅವರ ಜೊತೆ ಬರುವ ಅವ್ವನಿಲ್ಲದ ಒಬ್ಬ ಪುಟ್ಟ ಹುಡುಗಿ, ಇನ್ನೂ ಕೆಲವರು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಮಕ್ಕಳ ಕಾನ್ವೆಂಟಿನಲ್ಲಿ ಬಾಯಿ ಬಿಡಲಾಗದೆ ನಿಲ್ಲುವುದು ಸಾಕಾಗಿ ನನ್ನ ಮಗಳ ಹತ್ತಿರ ಇಂಗ್ಲಿಷ್ ಕಲಿಯಲು ಬರುತ್ತಿದ್ದವರು.

ಅವಳು ಅವರಿಗೆ ವ್ಯಾಕರಣ ಹೇಳಿಕೊಟ್ಟವಳಲ್ಲ. "ಇಂಗ್ಲಿಷ್ ಅಂದ್ರೆ ಬೆಟ್ಟ ಅಲ್ಲ ಕಣ್ರವ್ವ. ದಿನಾ ಆಡೋ ಮಾತಿಗೆ ಒಂದಷ್ಟು ಅಚ್ಚು ಅವೆ, ಅಷ್ಟೆ. ಬೆಲ್ಲದ ಅಚ್ಚಿಗೆ ಪಾಕ ಉಯ್ದಂಗೆ ಪದ ಉಯ್ಕಂಡ್ರೆ ಮಾತು ಕೂತ್ಕತದೆ" ಎನ್ನುತ್ತಿದ್ದಳು. ಆ ಅಚ್ಚುಗಳನ್ನು ಕೂರಿಸಲು ಅವಳು ಹಿಡಿದದ್ದು ನಮ್ಮ ಮನೆಯ ಸೊಲ್ಲಿನ ದಾರಿಯನ್ನೇ. ಜಗಲಿಯ ಮೇಲೆ ನಿಂತು "ಐ ವಾಂಟ್ ಟು ಗೋ ಟು ದ ಬ್ಯಾಂಕ್" ಎಂದು ರಾಗವಾಗಿ ಎತ್ತುತ್ತಿದ್ದಳು. ಅವರು "ಗೋ ಟು ದ ಬ್ಯಾಂಕ್" ಎಂದು ಸೊಲ್ಲು ಕೊಡುತ್ತಿದ್ದರು. ಆಮೇಲೆ ಸರದಿಯ ಮೇಲೆ ಒಬ್ಬೊಬ್ಬರೂ ಒಂದು ಪದವನ್ನು ತೆಗೆದು ತಮ್ಮ ಪದವನ್ನು ಅಲ್ಲಿ ಇಡಬೇಕು. ಮಿಕ್ಕವರು ಅದನ್ನೇ ಎತ್ತಿಕೊಳ್ಳಬೇಕು. ಒಮ್ಮೆ ಪುಟ್ಟಬಸಮ್ಮ "ಐ ವಾಂಟ್ ಟು ಗೋ ಟು ತವರುಮನೆ" ಎಂದಳು.

"ಓಗು, ಯಾರ್ ಬ್ಯಾಡ ಅಂದೋರು? ಬಸ್ಸಂತೂ ಫ್ರೀ!" ಎಂದು ಮಾದಿ ನಗಿಸಿದ್ದಳು.

ಆ ಪುಟ್ಟಬಸಮ್ಮ ಈಗ ನನ್ನ ಮುಂದೆ ಕುಕ್ಕರಿಸಿದಳು. "ಪದ ಎತ್ತಿ ಮೇಷ್ಟ್ರೇ. ಸೊಲ್ಲು ನಾವು ಕೊಡ್ತೀವಿ."

ನನ್ನ ಅಣ್ಣನ ಮಗ ಚಿಕ್ಕಮಾದಪ್ಪ ಕೇಳಿಸಿಕೊಂಡು ಬಂದ. "ಎಣದ ಮುಂದೆ ಎಂಗಸ್ರು ಸೊಲ್ಲು ಕೊಡೋದ? ನಾಳೆ ಜನ ನಮ್ ಮಕಕ್ಕೆ ಉಗಿಯಲ್ವಾ?"

"ನಿಂಗೆ ಬತ್ತದಾ? ಬಂದ್ರೆ ನೀನೇ ಕೊಡಪ್ಪ. ನಾವು ಸುಮ್ಕಿರ್ತೀವಿ."

"ನಿಮಗ್ ಬರೋದು ಎಬಿಸಿಡಿ ಕಣಮ್ಮಿ, ಮಾದಪ್ಪನ ಪದ ಅಲ್ಲ."

"ಎಬಿಸಿಡೀನೂ ಸೊಲ್ಲಲ್ಲೇ ಕಲ್ತಿರೋದು ಕಣ್ಲಾ!" ಎಂದಳು. ಅಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟಳು.

ಚಿಕ್ಕಮಾದಪ್ಪ ನನ್ನ ಮುಖ ನೋಡಿದ. "ಬರಲಿ ಬಿಡೋ" ಎಂದೆ. ಚಟ್ಟ ಎದ್ದಿತು. ನಾನು ಕಂಸಾಳೆ ತಟ್ಟಿ ಎತ್ತಿದೆ:

"ಮಲೆಯ ಇಳಿದು ಬಾರೋ ಮಾದಪ್ಪ, ನನ್ನ ಮಗಳ ಕೈಯ ಹಿಡಿಯೋ."

"ನನ್ನ ಮಗಳ ಕೈಯ ಹಿಡಿಯೋ" ಎಂದು ಹಿಂದಿನಿಂದ ಬಂತು. ದನಿ ಕೂಡಿತ್ತು, ತಾಳ ತಪ್ಪಿರಲಿಲ್ಲ. ಮುಂದಿನ ಸಾಲಿನಲ್ಲಿ ಮಾದಪ್ಪನನ್ನು ಎರಡನೆಯ ಮಲೆ ಇಳಿಸಿದೆ. ಬಂದ ಸೊಲ್ಲು ಬೇರೆ: "ನನ್ನ ತಂಗಿಯ ಕೈಯ ಹಿಡಿಯೋ." ಪುಟ್ಟಬಸಮ್ಮ ಪಾಠದ ರೂಢಿಯಂತೆ ಪದ ಬದಲಿಸಿದ್ದಳು. ಮಿಕ್ಕವರೂ ರೂಢಿಯಂತೆ ಅದನ್ನೇ ಎತ್ತಿಕೊಂಡರು. ಮುಂದಿನ ಸಾಲಿಗೆ ಮಾದಿಯ ಸರದಿ: "ನನ್ನ ಗುರುವಿನ ಕೈಯ ಹಿಡಿಯೋ." ಅದರ ಮುಂದಿನದು, ಆ ಹುಡುಗಿಯ ಎಳೆಯ ದನಿ: "ನನ್ನ ಅವ್ವನ ಕೈಯ ಹಿಡಿಯೋ."

ದೇವರ ಪದದಲ್ಲಿ ಸೊಲ್ಲು ಬದಲಿಸುವುದು ಅಪಚಾರ. ರುದ್ರಸ್ವಾಮಿ ನನ್ನ ತೋಳು ಹಿಡಿದು ಎಳೆದ. "ಸೊಲ್ಲು ಕೆಡ್ತಾ ಅದೆ ಕಣಯ್ಯ" ಎಂದು ಕಿವಿಯಲ್ಲಿ ಉಸುರಿದ. ನಾನು ನಿಲ್ಲಿಸಲಿಲ್ಲ. ತಾವು ತಪ್ಪುತ್ತಿದ್ದೇವೆಂದು ಆ ಹೆಂಗಸರಿಗೆ ತಿಳಿದೂ ಇರಲಿಲ್ಲ. ನನ್ನ ಮಗಳು ಯಾರು ಯಾರಿಗೆ ಏನೇನಾಗಿದ್ದಳು ಎಂಬುದನ್ನು ಅಂದು ಬೀದಿಯ ನಡುವೆ ನಡೆಯುತ್ತಾ ಕೇಳಿದೆ.

ಊರ ಹೊರಗೆ ಹಳ್ಳ ಬಂತು. ಹಳ್ಳ ದಾಟಿ ಮಣ್ಣಿಗೆ ಹೆಂಗಸರು ಬರುವ ವಾಡಿಕೆ ಇಲ್ಲ. ಎಲ್ಲರೂ ನಿಂತರು. ಮಾದಿ ಮಾತ್ರ ಮರಳಿಗೆ ಕಾಲಿಟ್ಟಳು. ಚಿಕ್ಕಮಾದಪ್ಪ ಕೈ ಅಡ್ಡ ಹಿಡಿದ. "ಸಾಕು, ಅಲ್ಲೇ ನಿಂತ್ಕಳವ್ವ."

ಪದ ಅರ್ಧವೂ ಆಗಿರಲಿಲ್ಲ. "ಪದ ಮುಗಿಯೋಗಂಟ ಇಲ್ಲೇ ಇಳ್ಸಿ" ಎಂದು ಹೊತ್ತವರನ್ನು ಬೇಡಿದೆ.

"ಒತ್ತು ಮುಳುಗ್ತಾ ಅದೆ ಮೇಷ್ಟ್ರೇ. ಕುಯ್ದಿರೋ ಮೈ, ತಡ್ಯಾಕಾಗಲ್ಲ" ಎಂದು ಅವರು ನಡೆದೇಬಿಟ್ಟರು.

ನಾನೂ ದಾಟಿದೆ. ಆಚೆ ದಡದಿಂದ ಎತ್ತಿದೆ. ಹಿಂದೆ ನಿಂತ ಹೆಂಗಸರಿಂದ ಸೊಲ್ಲು ಬಂತು, ಸಣ್ಣದಾಗಿ. ಇನ್ನೂ ಮುಂದೆ ಹೋಗಿ ಎತ್ತಿದೆ. ಬಂತು, ಆದರೆ ತಂಗಿಯೋ ಗುರುವೋ, ಯಾರ ಕೈ ಎಂಬುದು ತಿಳಿಯಲಿಲ್ಲ. ಮುಂದೆ ಜೆಸಿಬಿ ಇನ್ನೂ ಗುಂಡಿ ತೋಡುತ್ತಿತ್ತು. ಅದರ ಸದ್ದಿನಲ್ಲಿ ನನ್ನ ದನಿ ನನಗೇ ಕೇಳದಾಯಿತು. ಡ್ರೈವರಿಗೆ ಕೈ ಮಾಡಿದೆ. ಅವನು ನೋಡಲಿಲ್ಲ. ತಿರುಗಿ ನೋಡಿದರೆ ಹಳ್ಳದ ಆ ದಡದಲ್ಲಿ ಅವರ ಬಾಯಿಗಳು ಆಡುತ್ತಲೇ ಇದ್ದವು. ಸೊಲ್ಲು ಕೊಡುತ್ತಲೇ ಇದ್ದರು. ನನ್ನ ಕಿವಿಗೆ ಏನೂ ಬೀಳಲಿಲ್ಲ. ಕಿವಿಗೆ ಬೀಳದೆ ಮುಂದಿನ ಸಾಲನ್ನು ಎತ್ತುವಂತಿಲ್ಲ. ಕಂಸಾಳೆಯನ್ನು ಜೋಳಿಗೆಗೆ ಹಾಕಿದೆ.

ಜೆಸಿಬಿಯ ಸದ್ದು ನಿಲ್ಲದೆಯೇ ಇಳಿಸಿ ಮಣ್ಣು ಮುಚ್ಚಿದರು. ನಮ್ಮ ಮನೆತನದಲ್ಲಿ ಮುಗಿಯದ ಪದದಲ್ಲಿ ಹೋದವಳು ಇವಳೊಬ್ಬಳೇ. ನಾನು ಹಾಡಿದಷ್ಟರಲ್ಲಿ ಮಾದಪ್ಪ ಇನ್ನೂ ನಡುಮಲೆಯಲ್ಲಿದ್ದ. ಅವಳ ತಲೆಯ ಬಳಿಗೆ ಬಂದಿರಲಿಲ್ಲ. ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದ ಮೇಲೂ ನನಗೆ ಅದೇ ಕೊರಗು. ಅನ್ನ ಇಳಿಯುವುದಿಲ್ಲ. ಬೆಳಗ್ಗೆ ಎದ್ದು ದೇವರ ಗೂಡಿನ ಮುಂದೆ ನಿಂತರೆ ಬಾಯಿಗೆ ಬರುವುದೂ ಇದೊಂದೇ.

ತಂದೆಯೇ, ಪದ ನಿಂತ ಕಡೆ ನೀನು ನಿಲ್ಲಬೇಡ. ಉಳಿದ ಮಲೆಗಳನ್ನು ನೀನಾಗಿಯೇ ಇಳಿದು ಬಾ. ಸೊಲ್ಲು ಕೆಟ್ಟದ್ದು ಅಪಚಾರವಾದರೆ ನನ್ನ ಮೇಲೆ ಬರಲಿ, ಆ ಹೆಂಗಸರ ಮೇಲಾಗಲಿ ಅವ್ವ ಎಂದ ಆ ಮಗುವಿನ ಮೇಲಾಗಲಿ ಬೇಡ. ನನ್ನ ಮಗಳಿಗೆ ನೆರಳು ಕೊಡು, ನೀರು ಕೊಡು. ಕತ್ತಲೆಯಲ್ಲಿ ಹೋದವಳು, ಅವಳ ದಾರಿಗೆ ಬೆಳಕು ಹಿಡಿ. ನನ್ನ ಪುಷ್ಪನನ್ನು ನಿನ್ನ ಪಾದದಲ್ಲಿ ಇರಿಸಿಕೊಂಡು ಶಾಂತಿ ಕೊಡು, ಮಾದಪ್ಪ.