ದನಿಯೊಳಗಿನ ನಗು

ಟಕ್, ಟಕ್ — ಸಾಹೇಬರು ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಇದ್ದಾರೆ, ತಲೆಯೊಳಗೇ ಯಾರೋ ಮೊಳೆ ಹೊಡೆದಂತೆ, ನಿಲ್ಲಿಸಿ ಅಂದುಬಿಡಲೇ, ಅನ್ನುವುದಿಲ್ಲ, ಅನ್ನಬೇಕಾದ ಮಾತೇ ಬೇರೆ ಇದೆ, ಪರದೆಯ ಮೇಲೆ ಒಪ್ಪಿಗೆಯ ಗುಂಡಿ ಕಾಯುತ್ತಿದೆ, ಒತ್ತಿದರೆ ನಾಳೆಯಿಂದ ನಮ್ಮ ಪ್ರೋಗ್ರಾಂ ಕೊಂಡ ಕಾಲ್ ಸೆಂಟರಿನಲ್ಲಿ ಪ್ರತಿಯೊಬ್ಬರ ದನಿಗೂ ಅಂಕ, ದನಿಯಲ್ಲಿ ನಗು ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು, ಕೆಂಪು ಬಿದ್ದವರನ್ನು ಮನೆಗೆ ಕಳಿಸಲು ಅಲ್ಲಿನ ಮಾಲೀಕರಿಗೊಂದು ನೆಪ, ನಗು ಅಳೆಯುವ ಆ ಪ್ರೋಗ್ರಾಂ ಬರೆದವಳು ನಾನೇ, ಸ್ವರ ಏರಿದರೆ ಉತ್ಸಾಹ, ಏರದಿದ್ದರೆ ಉದಾಸೀನ, ಎಷ್ಟು ಸಲೀಸಾಗಿ ಬರೆದೆ — ಆ ಕಾಲ್ ಸೆಂಟರಿನಲ್ಲೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ನನ್ನ ಅಕ್ಕ ಕೂರುತ್ತಾಳೆ, ಗಂಟಲಿನ ಆಪರೇಷನ್ ಆದಮೇಲೆ ಅವಳ ಸ್ವರ ಏರುವುದೂ ಇಲ್ಲ ಇಳಿಯುವುದೂ ಇಲ್ಲ, ನಗೆಚಟಾಕಿ ಹಾರಿಸಿದರೂ ರೈಲಿನ ವೇಳೆ ಓದಿದಂತಿರುತ್ತದೆ, ಅದಕ್ಕೇ ನಮಗೆಲ್ಲ ಇನ್ನೂ ಜಾಸ್ತಿ ನಗು, ಪ್ರಯೋಗದ ವಾರದಲ್ಲಿ ಅವಳಿಗೆ ದಿನವೂ ಕೆಂಪು. ನನ್ನ ಸುದ್ದಿ ಅಲ್ಲಿ ಎತ್ತಬೇಡ ಕಣೇ, ತಂಗಿ ಕೈಲಿ ಹೇಳಿಸಿದಳು ಅಂತಾರೆ, ಅಂದಿದ್ದಳು. ಎತ್ತುವುದಿಲ್ಲ ಅಕ್ಕಾ.

ಸರ್, ಕಾಯಿಲೆ ಬಿದ್ದ ಗಂಟಲು ಯಾವುದು, ಬೇಜಾರಿನ ಗಂಟಲು ಯಾವುದು, ಇದಕ್ಕೆ ಗೊತ್ತಾಗಲ್ಲ, ಸರಿಮಾಡೋವರೆಗೂ ನಾನು ಒತ್ತಲ್ಲ — ಅಂದೇಬಿಟ್ಟೆ, ಮುಚ್ಚಳ ನಿಂತಿತು. ನೋಡಮ್ಮಾ, ಎಲ್ಲರಿಗೂ ಒಂದೇ ಅಳತೆ, ಇದಕ್ಕಿಂತ ನ್ಯಾಯ ಇನ್ನೇನು ಬೇಕು, ಮುಂದಿನ ಸಲ ಸರಿಮಾಡ್ಕೊಳ್ಳೋಣ. ಮುಂದಿನ ಸಲ, ಮುಂದಿನ ಸಲ, ಈ ಕಟ್ಟಡಕ್ಕೆ ಕಾಲಿಟ್ಟಾಗಿನಿಂದ ಕೇಳುತ್ತಿದ್ದೇನೆ, ಆ ಸಲ ಯಾರ ಮನೆಯಲ್ಲಿ ಕೂತಿದೆಯೋ. ನಿಮಗ್ಯಾಕೆ ತಲೆನೋವು ಬಿಡಿ, ಅಂದರು, ಬೈಯಲಿಲ್ಲ, ಬೈದಿದ್ದರೆ ಜಗಳಕ್ಕಾದರೂ ಏನೋ ಸಿಗುತ್ತಿತ್ತು, ಮೇಜಿನಾಚೆಯಿಂದ ಕೈಚಾಚಿ ತಾವೇ ಒತ್ತಿದರು, ಅಷ್ಟೇ, ಕಾಫಿ ತರಿಸ್ಲಾ ಅಂತ ಬೇರೆ ಕೇಳಿದರು.

ಲಿಫ್ಟ್ ಇಳಿಯುತ್ತಿದೆ, ನಾನು ಒತ್ತಲಿಲ್ಲ, ಒತ್ತದೆ ಕಡಿದು ಕಟ್ಟೆ ಹಾಕಿದ್ದಾದರೂ ಏನು, ಅಕ್ಕನಿಗೆ ಯಾವ ಬಾಯಲ್ಲಿ ಹೇಳಲಿ, ಬೇರೆ ಕೆಲಸ ನೋಡೋಣ ಅನ್ನಲೇ, ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಅರ್ಧ ತೆರೆದಿತ್ತು, ಕನ್ನಡಿಯ ಮುಂದೆ ನಿಂತು ಎರಡು ಬೆರಳಲ್ಲಿ ತುಟಿಯ ಎರಡೂ ತುದಿ ಮೇಲಕ್ಕೆಳೆದು ಹಿಡಿದಿದ್ದಳು, ನಮಸ್ಕಾರ, ನಾನು ಏನು ಸಹಾಯ ಮಾಡಲಿ, ಅದೇ ಸಪಾಟು ದನಿ, ಇನ್ನೂ ಮೇಲಕ್ಕೆಳೆದಳು, ನಮಸ್ಕಾರ, — ಅಕ್ಕಾ ಅನ್ನಬೇಕಿತ್ತು, ಅನ್ನದೆ ಬಂದೆ — ಬೆರಳು ತೆಗೆದಳು, ತುಟಿ ಇಳಿಯಿತು, ಮತ್ತೆ ಎರಡು ಬೆರಳು, ನಮಸ್ಕಾರ, ಮತ್ತೆ ಎರಡು ಬೆರಳು, ತುಟಿಯ ತುದಿ —